ಚಿತ್ತಾರದ ಕಾಗದ ಮಕ್ಕಳ ಕೈಗೆ ಹೋಗಲಿ

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. 3ರಿಂದ 6 ವರ್ಷದ 22 ಮಕ್ಕಳು ಬರುತ್ತಾರೆ. ನಮ್ಮೂರಿನವರೊಬ್ಬರು ಚುಕ್ಕಿ, ಗೆರೆ, ಹೂಬಳ್ಳಿ ಅಚ್ಚಾದ ಕ್ರಾಫ್ಟ್ ಪೇಪರಿನ ನಾಲ್ಕು ಕಟ್ಟು ಕೊಡಿಸಿದ್ದಾರೆ. ಮೀನು, ಚಿಟ್ಟೆ, ಮಾವಿನಹಣ್ಣು ಹೀಗೆ ನಾನು ಕತ್ತರಿಸಿ ಕೊಡುತ್ತೇನೆ, ಮಕ್ಕಳು ಅಂಟಿಸುತ್ತಾರೆ. ಹತ್ತು ನಿಮಿಷಕ್ಕೆ ಮುಗಿದು ಮತ್ತೆ ಗಲಾಟೆ. ಇದರಿಂದ ಅವರು ಏನು ಕಲಿತರು ಅಂತ ನನಗೇ ಗೊತ್ತಾಗುತ್ತಿಲ್ಲ. ಕತ್ತರಿ ಕೊಡಲು ಹೆದರಿಕೆ, ಅಷ್ಟು ಚೆಂದದ ಕಾಗದ ಹಾಳಾದೀತೆಂಬ ಸಂಕಟ ಬೇರೆ. ಇದನ್ನು ಹೇಗೆ ಬಳಸಲಿ? ಖಾಲಿಯಾದ ಮೇಲೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. "ನಾನು ಕತ್ತರಿಸಿ ಕೊಡುತ್ತೇನೆ, ಮಕ್ಕಳು ಅಂಟಿಸುತ್ತಾರೆ." ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ. ಯಾವ ಹಾಳೆ ಚೆಂದ ಎಂದು ಆರಿಸಿದವರು ನೀವು. ಇವತ್ತು ಮೀನು ಮಾಡೋಣ ಎಂದವರು ನೀವು. ಕತ್ತರಿ ಹಿಡಿದವರು, ಕಣ್ಣು ಎಲ್ಲಿ ಬರಬೇಕೆಂದು ತೋರಿಸಿದವರು ನೀವೇ. ಮಗುವಿನ ಪಾಲಿಗೆ ಉಳಿದದ್ದು ಅಂಟು ಹಚ್ಚಿ ಒತ್ತುವ ಕೆಲಸ. ಅದು ಹತ್ತು ನಿಮಿಷಕ್ಕೆ ಮುಗಿಯಲೇಬೇಕು. ರಾತ್ರಿ ಅಡುಗೆ ಮುಗಿಸಿ ಕೂತು 22 ಮೀನು ಕತ್ತರಿಸಿದ ನಿಮ್ಮ ಶ್ರಮ ಎಷ್ಟೆಂದು ನನಗೆ ಗೊತ್ತು. ಆದರೆ ಆ ಕೆಲಸದಲ್ಲಿ ಕಲಿಯಲು ಏನೇನಿತ್ತೋ ಅದಷ್ಟೂ ನಿಮ್ಮ ಮನೆಯಲ್ಲೇ ಮುಗಿದುಹೋಗಿತ್ತು.

ಮುಂದಿನ ಒಂದು ತಿಂಗಳು ಆಕಾರ ಕತ್ತರಿಸಿ ಕೊಡುವುದನ್ನು ಪೂರ್ತಿ ನಿಲ್ಲಿಸಿ ನೋಡಿ. ನೋಡುವುದು, ಆರಿಸುವುದು, ಹರಿಯುವುದು, ಕತ್ತರಿಸುವುದು, ಎಲ್ಲಿಟ್ಟರೆ ಸರಿ ಎಂದು ಯೋಚಿಸುವುದು ಎಲ್ಲವೂ ಮಕ್ಕಳ ಕೈಗೆ ಹೋಗಲಿ.

ಮೊದಲ ದಿನ ಕತ್ತರಿಯೂ ಬೇಡ, ಅಂಟೂ ಬೇಡ. ಐದಾರು ಮಕ್ಕಳನ್ನು ಕೂರಿಸಿಕೊಂಡು ಚಾಪೆಯ ಮೇಲೆ ಎಂಟು ಹತ್ತು ಬಗೆಯ ಹಾಳೆ ಹರಡಿ, ಸುಮ್ಮನೆ ಕೂತುಬಿಡಿ. ಈ ಸುಮ್ಮನಿರುವುದೇ ನಮಗೆ ಕಷ್ಟ. ಬಾಗಲಕೋಟೆ ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಹೀಗೇ ಹರಡಿ ಕೂತಿದ್ದಾಗ, ನಾಲ್ಕು ವರ್ಷದ ಹುಡುಗಿಯೊಬ್ಬಳು ಕೆಂಪು ನೆಲದ ಮೇಲೆ ಸಣ್ಣ ಸಣ್ಣ ಬುಟ್ಟಾ ಇದ್ದ ಹಾಳೆಯನ್ನು ಎತ್ತಿ ಎದೆಗೆ ಒತ್ತಿಕೊಂಡು, "ಅಕ್ಕಾರ, ಇದು ನಮ್ಮವ್ವನ ಕುಬಸ ರೀ" ಅಂದಳು. ಅದು ಗುಳೇದಗುಡ್ಡದ ಖಣದ ಹಾಗೇ ಇತ್ತು. ಪಕ್ಕದಲ್ಲಿದ್ದವನು ಒಪ್ಪಲಿಲ್ಲ. "ಅಲ್ಲ, ಕುಬಸದಾಗ ದಡಿ ಇರ್ತೈತಿ. ಇದಕ್ಕ ದಡಿ ಎಲ್ಲೈತಿ?" ಇನ್ನೊಬ್ಬಳು ತನ್ನ ಲಂಗದ ಅಂಚನ್ನೇ ತಂದು ಹಾಳೆಯ ಪಕ್ಕ ಇಟ್ಟು ನೋಡಿದಳು. ನಾನು ಒಂದು ಮಾತೂ ಆಡಿರಲಿಲ್ಲ. ಆ ಮಕ್ಕಳು ಹೋಲಿಸಿದರು, ವಾದ ಮಾಡಿದರು, ಸಾಕ್ಷಿ ತೋರಿಸಿದರು. ಹೀಗೆ ಕಾಲು ಗಂಟೆ ಕಳೆಯಿತು.

ನಿಮ್ಮ ಕಡೆಯ ಮಕ್ಕಳಿಗೆ ಚಿತ್ತಾರ ಹೊಸದಲ್ಲ. ಇಳಕಲ್ ಸೀರೆಯ ದಡಿ, ಸೆರಗಿನ ತೆನೆ, ಹಾಸಿ ಹೊದೆಯುವ ಕೌದಿ, ಹೊಸ್ತಿಲ ಮುಂದಿನ ರಂಗೋಲಿ, ಅಪ್ಪನ ಟವೆಲ್ಲಿನ ಚೌಕಳಿ ಎಲ್ಲವನ್ನೂ ಹುಟ್ಟಿದಾಗಿನಿಂದ ನೋಡಿದ್ದಾರೆ. ಅವಕ್ಕೆ ಹೆಸರು ಹೇಳುವ ಸಂದರ್ಭ ಬಂದಿರುವುದಿಲ್ಲ ಅಷ್ಟೆ. ಹಾಳೆ ಮುಂದಿರುವಾಗ ಆ ಮಾತುಗಳು ಬರಲಿ. ಚುಕ್ಕಿ, ಗೆರೆ, ಅಡ್ಡಗೆರೆ, ಓರೆಗೆರೆ, ಚೌಕಳಿ, ಬಳ್ಳಿ, ಸುಳಿ, ಒತ್ತಾಗಿರೋದು, ಬಿಡಿಬಿಡಿಯಾಗಿರೋದು. "ಇದು ಯಾವ ಬಣ್ಣ?" ಎಂದು ಕೇಳುತ್ತಾ ಹೋದರೆ ಮಗು ಒಂದು ಪದದಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತದೆ. "ಈ ಎರಡು ಹಾಳೆ ಅಕ್ಕತಂಗೇರು ಅಂತ ಇಟ್ಟುಕೊಂಡರೆ, ಯಾವುದರಲ್ಲಿ ಅವರಿಬ್ಬರೂ ಒಂದೇ ಥರ?" ಎಂದು ಕೇಳಿ ನೋಡಿ. ಉತ್ತರ ಬರಲು ಹೊತ್ತಾಗುತ್ತದೆ, ಕಾಯಿರಿ.

ಎರಡನೆಯ ದಿನ ಅವೇ ಹಾಳೆಗಳ ಚೂರುಗಳನ್ನು ಗುಂಪು ಮಾಡಲು ಬಿಡಿ. ಹೇಗೆ ಗುಂಪು ಮಾಡಬೇಕೆಂದು ನೀವು ಹೇಳಬೇಡಿ. ಒಬ್ಬರು ಬಣ್ಣ ನೋಡಿ ಮಾಡುತ್ತಾರೆ, ಇನ್ನೊಬ್ಬರು ಗೆರೆ ನೋಡಿ. ಒಬ್ಬ ಹುಡುಗ "ಇವು ಜಾತ್ರಿಗೆ ಹೋಗೋ ಹಾಳಿ, ಇವು ಮನ್ಯಾಗ ಇರೋ ಹಾಳಿ" ಎಂದು ಎರಡು ಗುಡ್ಡೆ ಮಾಡಿದ್ದನ್ನು ನೋಡಿದ್ದೇನೆ. ಒಬ್ಬರು ಮಾಡಿದ ಗುಂಪಿನ ಗುಟ್ಟನ್ನು ಉಳಿದವರು ಕಂಡುಹಿಡಿಯುವ ಆಟ ಬಹಳ ಚೆನ್ನಾಗಿ ನಡೆಯುತ್ತದೆ. ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬಣ್ಣದ ಪ್ರಶ್ನೆಯಲ್ಲಿ ಹಿಂದೆ ಬೀಳುವ ಅಂಥ ಮಗು ಗೆರೆ, ಚುಕ್ಕಿಯ ಆಟದಲ್ಲಿ ಎಲ್ಲರಿಗೂ ಸಮನಾಗಿ ನಿಲ್ಲುತ್ತದೆ.

ಇನ್ನು ಹರಿಯುವುದು. ಕತ್ತರಿಗೆ ಮುಂಚೆ ಒಂದು ವಾರವಾದರೂ ಬರೀ ಕೈಯಲ್ಲಿ ಹರಿಯಲು ಕೊಡಿ. ಕಾಗದ ಹರಿಯುವಾಗ ಹೆಬ್ಬೆರಳು ಮತ್ತು ತೋರುಬೆರಳು ಬಿಗಿಯಾಗಿ ಹಿಡಿಯಬೇಕು, ಒಂದು ಕೈ ಮುಂದಕ್ಕೆ ಇನ್ನೊಂದು ಹಿಂದಕ್ಕೆ ಹೋಗಬೇಕು. ಮುಂದೆ ಪೆನ್ಸಿಲ್ ಹಿಡಿಯುವ, ಗುಂಡಿ ಹಾಕಿಕೊಳ್ಳುವ ಬೆರಳುಗಳು ಇಲ್ಲೇ ಪಳಗುತ್ತವೆ. ಯಂತ್ರದಲ್ಲಿ ಮಾಡಿದ ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿಗೆ ಹರಿದರೆ ನೇರವಾಗಿ ಸೀಳುತ್ತದೆ, ಅಡ್ಡ ಹರಿದರೆ ಸೊಟ್ಟಗೆ ಎಲ್ಲೆಲ್ಲೋ ಹೋಗುತ್ತದೆ. ಇದನ್ನು ನೀವು ಹೇಳದೆ, "ಯಾಕೋ ಹೀಗೆ ಹರಿದರೆ ನೇರ ಬರುತ್ತೆ, ಹಾಗೆ ಹರಿದರೆ ಬರಲ್ಲ, ನೋಡ್ರೋ" ಎಂದು ಮಾತ್ರ ಹೇಳಿ ಬಿಡಿ. ಐದು ವರ್ಷದವರು ತಾವೇ ಪತ್ತೆ ಹಚ್ಚುತ್ತಾರೆ. ಒಂದೇ ಮಗ್ಗುಲಿಗೆ ಅಚ್ಚಾದ ಹಾಳೆಯನ್ನು ಹರಿದಾಗ ಅಂಚಿನಲ್ಲಿ ಒಳಗಿನ ಬಿಳಿ ಕಾಣಿಸಿಕೊಳ್ಳುತ್ತದೆ. ಆ ಬಿಳಿ ಅಂಚು ಯಾವ ಚೂರಿಗೆ ಬರುತ್ತದೆ ಎಂಬುದು ಕೈ ಯಾವ ಕಡೆಗೆ ಎಳೆಯಿತು ಎಂಬುದರ ಮೇಲಿದೆ. ಒಮ್ಮೆ ಗೊತ್ತಾದರೆ ಸಾಕು, ಮಕ್ಕಳು ಅದರಿಂದ ಮೋಡ, ಹಾಲಿನ ನೊರೆ, ಅಜ್ಜನ ಮೀಸೆ ಎಲ್ಲ ಮಾಡುತ್ತಾರೆ.

ಕತ್ತರಿಯ ಭಯಕ್ಕೆ ಬರುತ್ತೇನೆ. ಭಯ ಸರಿಯೇ, ಆದರೆ ಅದಕ್ಕೆ ಮದ್ದು ಇದೆ. ತುದಿ ಮೊಂಡಾಗಿರುವ, ಸುಮಾರು ಐದು ಇಂಚಿನ ಮಕ್ಕಳ ಕತ್ತರಿ ತನ್ನಿ. ಅಲಗು ಮಾತ್ರ ಹರಿತವಾಗಿರಬೇಕು. ಕತ್ತರಿಸದ ಕತ್ತರಿ ಕೊಟ್ಟರೆ ಅದು ಕಾಗದವನ್ನು ಜಗಿಯುತ್ತದೆ, ಮಗು ಎಳೆದಾಡಿ ಸಿಟ್ಟಿಗೇಳುತ್ತದೆ, ಆಗಲೇ ಕೈ ಜಾರುವುದು. 22 ಮಕ್ಕಳಿಗೆ ಒಟ್ಟಿಗೆ ಕೊಡಬೇಡಿ. ನಾಲ್ಕು ಕತ್ತರಿ, ನಾಲ್ಕು ಮಕ್ಕಳು, ಪಕ್ಕದಲ್ಲಿ ನೀವು. ಉಳಿದವರು ಸಹಾಯಕಿಯ ಜೊತೆ ಹಾಡಲ್ಲೋ ಮರಳಲ್ಲೋ ಇರಲಿ. ಕೂತೇ ಕತ್ತರಿಸಬೇಕು, ಕತ್ತರಿ ಹಿಡಿದು ಎದ್ದು ಓಡಾಡಬಾರದು, ಕೊಡುವಾಗ ಹಿಡಿ ಮುಂದಾಗಿರಬೇಕು. ಈ ಮೂರೇ ನಿಯಮ ಸಾಕು, ದಿನಾ ಹೇಳಿ.

ಕಾಗದದ ದಪ್ಪದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮಕ್ಕಳ ಕೈ ಮೆತ್ತಗೆ, ಹಾಗಾಗಿ ತೆಳು ಕಾಗದ ಸುಲಭ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಗಿಫ್ಟ್ ಪೇಪರಿನಂಥ ತೆಳು ಹಾಳೆ ಅಲಗಿನ ನಡುವೆ ಬಾಗಿ ಮಡಚಿಕೊಳ್ಳುತ್ತದೆ. ಲಗ್ನಪತ್ರಿಕೆಯಷ್ಟು ದಪ್ಪದ ಕಾಗದ ಬಾಗದೆ ನಿಲ್ಲುತ್ತದೆ, ಕತ್ತರಿಸಿದ ಸದ್ದೂ ಕೇಳುತ್ತದೆ. ನಿಮ್ಮ ಕಟ್ಟಿನಲ್ಲಿರುವುದು ಝೆರಾಕ್ಸ್ ಹಾಳೆಯಷ್ಟು, ಅಂದರೆ 70ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ತೆಳುವಾಗಿದ್ದರೆ, ಅದನ್ನು ಹಳೆಯ ನೋಟ್‌ಬುಕ್ಕಿನ ರಟ್ಟಿಗೋ ಲಗ್ನಪತ್ರಿಕೆಯ ಹಿಂಬದಿಗೋ ಅಂಟಿಸಿ ಒಣಗಿಸಿ ಕೊಡಿ.

ಮೊದಲು ಬೆರಳಗಲದ ಪಟ್ಟಿ ಕೊಡಿ. ಒಂದೇ ಸಲ 'ಕಚ್' ಎಂದರೆ ಒಂದು ಚೂರು ಬೀಳಬೇಕು. ಎರಡೂವರೆ, ಮೂರು ವರ್ಷದ ಮಗುವಿಗೆ ಇಷ್ಟೇ ಕೆಲಸ, ಇಷ್ಟೇ ಖುಷಿ. ಆಮೇಲೆ ಅಗಲದ ಪಟ್ಟಿ, ಎರಡು ಮೂರು ಸಲ ಕತ್ತರಿಸುವಂಥದ್ದು. ಇಲ್ಲಿ ಚಿತ್ತಾರದ ಕಾಗದ ನಿಜವಾಗಿ ಕೈಹಿಡಿಯುತ್ತದೆ. ಗೆರೆಗಳ ಹಾಳೆ ಇದ್ದರೆ, ಕತ್ತರಿಸಬೇಕಾದ ದಾರಿಯನ್ನು ನೀವು ಪೆನ್ಸಿಲಿನಲ್ಲಿ ಗೀಚಬೇಕಿಲ್ಲ, ದಾರಿ ಅಚ್ಚಾಗಿಯೇ ಬಂದಿದೆ. ನಾಲ್ಕು ವರ್ಷದ ಹೊತ್ತಿಗೆ ಅನೇಕರು ದಪ್ಪ ನೇರ ಗೆರೆ ಹಿಡಿದು ಹೋಗುತ್ತಾರೆ, ದುಂಡಗೆ ಕತ್ತರಿಸಲು ಇನ್ನೂ ಸ್ವಲ್ಪ ಕಾಲ ಬೇಕು. ದೊಡ್ಡ ಚುಕ್ಕಿಯ ಹಾಳೆಯನ್ನು ಅದಕ್ಕೇ ಎತ್ತಿಡಿ. ವಯಸ್ಸಿನ ಲೆಕ್ಕ ಹಿಡಿದು ಯಾರನ್ನೂ ಅವಸರ ಮಾಡಬೇಡಿ. ಕತ್ತರಿ ಹಿಡಿದ ಕೈಯ ಹೆಬ್ಬೆರಳು ಮೇಲಕ್ಕಿದೆಯೇ, ಇನ್ನೊಂದು ಕೈ ಕಾಗದವನ್ನು ತಿರುಗಿಸುತ್ತಿದೆಯೇ ಎಂಬುದನ್ನು ಮಾತ್ರ ನೋಡಿ. ಎಡಗೈ ಮಗುವಿಗೆ ಮಾಮೂಲಿ ಕತ್ತರಿಯ ಅಲಗು ಗೆರೆಯನ್ನೇ ಮುಚ್ಚುತ್ತದೆ. ಎಡಗೈಯವರ ಕತ್ತರಿ ಸಿಗುತ್ತದೆ, ಒಂದನ್ನಾದರೂ ತರಿಸಿಡಿ. "ಬಲಗೈಯಾಗ ಹಿಡಿ" ಎಂದು ಮಾತ್ರ ದಯವಿಟ್ಟು ಯಾರೂ ಹೇಳಬೇಡಿ.

ಕತ್ತರಿಸಿದ ಚೂರುಗಳು ಕಸ ಅಲ್ಲ. ಒಂದು ಡಬ್ಬಿಯಲ್ಲಿ ಹಾಕಿಡಿ, ಮುಂದಿನ ಕೆಲಸಕ್ಕೆ ಅವೇ ಬಂಡವಾಳ.

ಆ ಮುಂದಿನ ಕೆಲಸ ನನಗೆ ಬಹಳ ಇಷ್ಟವಾದದ್ದು. ಪಾಠಪುಸ್ತಕದಲ್ಲಿ 'ವಿನ್ಯಾಸಗಳು' ಎಂದು ಬರುತ್ತದಲ್ಲ, ಅದು. ಹೂವಾಡಗಿತ್ತಿ ಮಾಲೆ ಕಟ್ಟುವುದನ್ನು ಮಕ್ಕಳಿಗೆ ನೆನಪಿಸಿ. ಎರಡು ಮಲ್ಲಿಗೆ, ಒಂದು ಕನಕಾಂಬರ, ಮತ್ತೆ ಎರಡು ಮಲ್ಲಿಗೆ, ಒಂದು ಕನಕಾಂಬರ. ಹಾಗೇ ನೆಲದ ಮೇಲೆ ಕಾಗದದ ಚೂರು ಜೋಡಿಸಿ. ಚುಕ್ಕಿ, ಚುಕ್ಕಿ, ಗೆರೆ. ಚುಕ್ಕಿ, ಚುಕ್ಕಿ, ಗೆರೆ. ಮೂರು ಸಲ ಪೂರ್ತಿ ತೋರಿಸಿದ ಮೇಲೆ "ಈಗ ಏನು?" ಎಂದು ಕೇಳಿ. ಬಹಳಷ್ಟು ಕಡೆ ಕೆಂಪು ನೀಲಿ, ಕೆಂಪು ನೀಲಿ ಎಂದು ಇಡೀ ವರ್ಷ ಅದೇ ಆಟ ಆಡಿಸುತ್ತಾರೆ. ಒಂದು ಬಿಟ್ಟು ಒಂದು ಎಂಬುದನ್ನು ಮಗು ಬೇಗ ಹಿಡಿಯುತ್ತದೆ, ಅಲ್ಲೇ ನಿಲ್ಲಬಾರದು. ಎರಡು ಒಂದು, ಒಂದು ಎರಡು, ಆಮೇಲೆ ಮೂರು ಬೇರೆ ಬೇರೆ ಚೂರುಗಳ ಸರದಿ ಹೀಗೆ ಮುಂದೆ ಹೋಗಿ. ಕೆಲವು ಸಲ ನಡುವೆಯೇ ನಿಲ್ಲಿಸಿ. ಒಂದು ಚೂರಿನ ಮೇಲೆ ಅಂಗೈ ಮುಚ್ಚಿಟ್ಟು, "ನನ್ನ ಕೈ ಕೆಳಗೆ ಏನಿದೆ?" ಎಂದು ಕೇಳಿ. ಕೊನೆಯ ಎರಡು ಚೂರು ನೋಡಿ ಊಹಿಸುವ ಮಗುವೂ, ಇಡೀ ಸಾಲಿನ ನಿಯಮ ಹಿಡಿದಿರುವ ಮಗುವೂ ಆಗ ಬೇರೆ ಬೇರೆಯಾಗಿ ಕಾಣುತ್ತಾರೆ.

ಒಂದು ಹೆಜ್ಜೆ ಮುಂದೆ ಹೋದರೆ ಇನ್ನೂ ಸ್ವಾರಸ್ಯ. ನೀವು ಕಾಗದದಲ್ಲಿ ಚುಕ್ಕಿ, ಚುಕ್ಕಿ, ಗೆರೆ ಎಂದು ಜೋಡಿಸಿದ್ದನ್ನು ಮಗು ಹುಣಸೆಬೀಜ ಮತ್ತು ಕಡ್ಡಿಯಲ್ಲಿ ಮಾಡಿ ತೋರಿಸಲಿ. ಆಮೇಲೆ ಚಪ್ಪಾಳೆಯಲ್ಲಿ: ಚಪ್, ಚಪ್, ತೊಡೆ. ಇದ್ದ ಹಾಗೇ ನಕಲು ಮಾಡುವುದಕ್ಕಿಂತ ಬೇರೆ ಸಾಮಾನಿನಲ್ಲಿ ಅದೇ ನಿಯಮ ಹಿಡಿಯುವುದು ಹೆಚ್ಚು ಕಷ್ಟ, ಮತ್ತು ಅಲ್ಲೇ ಗಣಿತ ಶುರುವಾಗುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಬೆಥನಿ ರಿಟಲ್-ಜಾನ್ಸನ್ ಮತ್ತು ಜೊತೆಗಾರರು ಕಡಿಮೆ ಆದಾಯದ ಮನೆಗಳ ಮಕ್ಕಳನ್ನು 4ನೇ ವಯಸ್ಸಿನಿಂದ 11ರವರೆಗೆ ಗಮನಿಸುತ್ತಾ ಬಂದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಶಾಲೆ ಸೇರುವ ಮುಂಚಿನ ವಿನ್ಯಾಸದ ತಿಳಿವಳಿಕೆಗೂ ಐದನೇ ತರಗತಿಯ ಗಣಿತಕ್ಕೂ ನಂಟು ಕಂಡುಬಂತು. ಎಣಿಕೆ ಬಾಯಿಪಾಠ ಮಾಡಿಸಿಲ್ಲ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಚುಕ್ಕಿ ಗೆರೆಯ ಈ ಸಾಲನ್ನು ಧೈರ್ಯವಾಗಿ ತೋರಿಸಿ.

ಇಷ್ಟಾದ ಮೇಲೆ ಎಲ್ಲರೂ ಸೇರಿ ಮಾಡುವ ಒಂದು ದೊಡ್ಡ ಕೆಲಸ ಇಟ್ಟುಕೊಳ್ಳಿ. ನಿಮ್ಮ ಕಡೆ ಮನೆಮನೆಯಲ್ಲೂ ಕೌದಿ ಇದೆ. ಒಂದು ಹಳೆಯ ಕೌದಿಯನ್ನು ಕೇಂದ್ರಕ್ಕೆ ತನ್ನಿ. ಹೊಲಿಯುವ ಆಯಿಯೊಬ್ಬರನ್ನು ಕರೆದರೆ ಇನ್ನೂ ಒಳ್ಳೆಯದು. ಇದು ಯಾರ ಸೀರೆ, ಇದು ಯಾರ ಅಂಗಿ ಎಂದು ಅವರು ಹೇಳುತ್ತಾ ಹೋದ ಹಾಗೆ ಮಕ್ಕಳು ಚೂರು ಚೂರಿನ ಮೇಲೂ ಕೈಯಾಡಿಸುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯದು ಇನ್ನೊಂದು ಬೆಡಗು. ಅವರು ಅಂಚಿನಿಂದ ಹೊಲಿಯಲು ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಪದರ ಪದರ ಮಡಚಿ ಒಂದೊಂದು 'ಫೂಲ' ಇಡುತ್ತಾರೆ, ಅಂದರೆ ಹೂವು. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ.

ಕಾಗದದ ಕೌದಿ ಹೀಗೆ. ಒಂದು ಎ4 ಹಾಳೆಯಿಂದ 7 ಸೆಂಟಿಮೀಟರಿನ 12 ಚೌಕ ಸಿಗುತ್ತವೆ. ಮೂರು ಹಾಳೆ ಕತ್ತರಿಸಿದರೆ 36 ಚೌಕ, ಸಾಲಿಗೆ ಆರರಂತೆ ಆರು ಸಾಲು. ಒಂದು ಚಾರ್ಟ್ ಪೇಪರಿನ ಮೇಲೆ ಆರಾಮವಾಗಿ ಕೂರುತ್ತದೆ. ಕಾಗದ ಹಾಳಾದೀತೆಂದು ಬರೆದಿದ್ದೀರಲ್ಲ, 22 ಮಕ್ಕಳ ಕೈ ಸೇರಿದ ಇಷ್ಟು ದೊಡ್ಡ ಕೆಲಸಕ್ಕೆ ಮೂರೇ ಹಾಳೆ. ಚೌಕ ನೀವೇ ಕತ್ತರಿಸಿ ಕೊಡಿ, ತೊಂದರೆಯಿಲ್ಲ. ಅದು ಇಟ್ಟಿಗೆ ಕೊಟ್ಟ ಹಾಗೆ. ಮೀನು ಕತ್ತರಿಸಿ ಕೊಡುವುದು ಮನೆಯನ್ನೇ ಕಟ್ಟಿ ಕೊಟ್ಟ ಹಾಗೆ.

ಅಂಟಿಸುವ ಮುಂಚೆ ಒಂದು ದಿನ ಪೂರ್ತಿ ಬರೀ ಇಟ್ಟು ತೆಗೆದು ಆಡಲಿ. ಗೆರೆಯ ಚೌಕವನ್ನು ಒಬ್ಬರು ಉದ್ದಕ್ಕೆ ಇಟ್ಟರೆ ಇನ್ನೊಬ್ಬರು ಅಡ್ಡಕ್ಕೆ ತಿರುಗಿಸುತ್ತಾರೆ, ಜಗಳ ಬರುತ್ತದೆ, ಬರಲಿ. ಕೆಲವು ಚೌಕಗಳನ್ನು ಮೂಲೆಯಿಂದ ಮೂಲೆಗೆ ಮಡಚಿ ಕತ್ತರಿಸಲು ದೊಡ್ಡ ಮಕ್ಕಳಿಗೆ ಹೇಳಿ. ಎರಡು ಮುಕ್ಕೋನ ಸೇರಿ ಒಂದು ಚೌಕವಾಗುವುದು, ಅದೇ ಎರಡನ್ನು ಬೇರೆ ಥರ ಸೇರಿಸಿದರೆ ದೊಡ್ಡ ಮುಕ್ಕೋನವಾಗುವುದು ಅವರಿಗೆ ನೆಲದ ಮೇಲೇ ಸಿಗುತ್ತದೆ. ಐದು ವರ್ಷದ ಹುಡುಗನೊಬ್ಬ ಎರಡು ಮುಕ್ಕೋನಗಳನ್ನು ತಿರುಗಿಸಿ ತಿರುಗಿಸಿ ಸುಮಾರು ಹೊತ್ತು ಒದ್ದಾಡಿದ. ಸಹಾಯಕಿ ಕೈ ಹಾಕಲು ಹೋದರು, ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಕೊನೆಗೆ ಒಂದನ್ನು ತಲೆಕೆಳಗು ಮಾಡಿದಾಗ ಚೌಕವಾಯಿತು. ಅವನು ಯಾರನ್ನೂ ಕರೆಯಲಿಲ್ಲ. ಅದನ್ನು ಬಿಡಿಸಿ ಮತ್ತೊಮ್ಮೆ ಕೂಡಿಸಿದ, ಮತ್ತೆ ಬಿಡಿಸಿದ, ಮತ್ತೆ ಕೂಡಿಸಿದ.

ಅಂಟಿಗೆ ಮೈದಾ ಸಾಕು. ಒಂದು ಲೋಟ ಮೈದಾಕ್ಕೆ ನಾಲ್ಕು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಗಂಜಿಯ ಹದಕ್ಕೆ ತನ್ನಿ. ಎರಡು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಹುಳ ಬೀಳದಿರಲೆಂದು ಪುಸ್ತಕ ಬೈಂಡ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮಕ್ಕಳು ಬೆರಳು ಬಾಯಿಗಿಡುವ ಜಾಗದಲ್ಲಿ ಚಿಟಿಕೆಯಷ್ಟೂ ಬೇಡ. ಇನ್ನೊಂದು ಸಣ್ಣ ವಿಷಯ: ಮೂರು ವರ್ಷದ ಮಕ್ಕಳು ಅಂಟನ್ನು ಹಾಳೆಯ ಬೆನ್ನಿಗೆ ಬದಲು ಮುಖಕ್ಕೇ ಹಚ್ಚುತ್ತಾರೆ, ಚಿತ್ತಾರವೆಲ್ಲ ಒಳಗೆ ಹೋಗಿ ಬಿಳಿ ಮೇಲೆ ಬರುತ್ತದೆ. ಅವರಿಗೆ ಅಂಟನ್ನು ಕೆಳಗಿನ ಚಾರ್ಟಿಗೆ ಹಚ್ಚಲು ಹೇಳಿ, ಮೇಲೆ ಚೌಕ ಇಡಲಿ. ಪಕ್ಕದಲ್ಲೊಂದು ಒದ್ದೆ ಬಟ್ಟೆ ಇರಲಿ.

ದೊಡ್ಡ ಮಕ್ಕಳಿಗೆ ಪಟ್ಟಿಗಳಿಂದ ಚಾಪೆ ಹೆಣೆಯುವುದನ್ನೂ ಕಲಿಸಬಹುದು, ಒಂದು ಮೇಲೆ, ಒಂದು ಕೆಳಗೆ. ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಕೇಂದ್ರ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಅವರ ಕೈಗೆಲಸಗಳಲ್ಲಿ ಕಾಗದ ಮಡಚುವುದು, ಕತ್ತರಿಸುವುದು, ಹೆಣೆಯುವುದು ಎಲ್ಲ ಇದ್ದವು. ನೀವು ಮಾಡುತ್ತಿರುವುದು ಅಷ್ಟು ಹಳೆಯ, ಅಷ್ಟು ಗಟ್ಟಿಯಾದ ಕೆಲಸ.

ಆದರೆ ಚಿತ್ತಾರಕ್ಕೂ ಮಿತಿ ಬೇಕು. ನಾಲ್ಕು ಕಟ್ಟನ್ನೂ ಒಟ್ಟಿಗೆ ಮುಂದಿಟ್ಟರೆ ಮಗುವಿಗೆ ಯಾವುದೂ ಕಾಣುವುದಿಲ್ಲ. ಮೊದಲ ದಿನದ ನೋಡುವ ಆಟ ಬಿಟ್ಟರೆ, ಕತ್ತರಿಸಿ ಅಂಟಿಸುವಾಗ ಒಂದು ಸಲಕ್ಕೆ ಮೂರು ಬಗೆಯ ಚಿತ್ತಾರ, ಜೊತೆಗೆ ಒಂದು ಬರೀ ಬಣ್ಣದ ಹಾಳೆ. ಆ ಬರೀ ಹಾಳೆ ಇಲ್ಲದಿದ್ದರೆ ಹೂವಿನ ಮೇಲೆ ಹೂವು ಕೂತು ಮಗು ಮಾಡಿದ ಆಕಾರವೇ ಮುಳುಗಿಹೋಗುತ್ತದೆ. ಗೋಡೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಾಡಿದ್ದನ್ನೆಲ್ಲ ನೆಲದಿಂದ ಸೂರಿನವರೆಗೆ ಅಂಟಿಸಬೇಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಿಂಡರ್‌ಗಾರ್ಟನ್ ವಯಸ್ಸಿನ 24 ಮಕ್ಕಳಿಗೆ, ಗೋಡೆತುಂಬ ಅಲಂಕಾರವಿದ್ದ ಕೋಣೆಯಲ್ಲಿ ಕೆಲವು, ಬರಿಗೋಡೆಯ ಕೋಣೆಯಲ್ಲಿ ಕೆಲವು ಪಾಠ ಮಾಡಿ ನೋಡಿದರು. 2014ರಲ್ಲಿ ಪ್ರಕಟವಾದ ಲೆಕ್ಕದಂತೆ, ಅಲಂಕಾರದ ಕೋಣೆಯಲ್ಲಿ ಮಕ್ಕಳ ಗಮನ ಶೇ. 38.6ರಷ್ಟು ಹೊತ್ತು ಪಾಠ ಬಿಟ್ಟು ಬೇರೆಡೆ ಇತ್ತು, ಬರಿಗೋಡೆಯ ಕೋಣೆಯಲ್ಲಿ ಶೇ. 28.4ರಷ್ಟು. ಪಾಠದ ಪ್ರಶ್ನೆಗಳಿಗೆ ಸರಿ ಉತ್ತರವೂ ಬರಿಗೋಡೆಯ ಕೋಣೆಯಲ್ಲೇ ಹೆಚ್ಚು ಬಂತು. ಹಾಗಂತ ಗೋಡೆ ಬೋಳಾಗಿರಬೇಕಿಲ್ಲ. ನೀವು ಕತೆ ಹೇಳುವಾಗ ಮಕ್ಕಳ ಮುಖ ಯಾವ ಗೋಡೆಯ ಕಡೆ ಇರುತ್ತದೋ ಅದನ್ನು ಖಾಲಿ ಬಿಡಿ. ಮಕ್ಕಳ ಕೆಲಸ ಬೇರೆ ಗೋಡೆಯಲ್ಲಿ, ಅವರ ಕಣ್ಣಿನ ಎತ್ತರಕ್ಕೆ ಇರಲಿ, ಹದಿನೈದು ದಿನಕ್ಕೊಮ್ಮೆ ಬದಲಾಗಲಿ.

ಮೆಚ್ಚುವ ಬಗೆಯಲ್ಲೂ ಒಂದು ಮಾತಿದೆ. ಸ್ಟಾರ್, ಸ್ಟಿಕರ್, 'ಫಸ್ಟ್ ಪ್ರೈಜ್' ಈ ಕೆಲಸಕ್ಕೆ ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡಿನ ನರ್ಸರಿಯಲ್ಲಿ ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುತ್ತಿದ್ದ ಮಕ್ಕಳನ್ನು ಆರಿಸಿ, ಕೆಲವರಿಗೆ "ಬರೆದರೆ ಪ್ರಮಾಣಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿ ಬರೆಸಿದರು. ಒಂದೆರಡು ವಾರದ ನಂತರ ಬಹುಮಾನವಿಲ್ಲದೆ ಬಣ್ಣದ ಪೆನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರು ಬರೆದ ಹೊತ್ತಿನ ಸುಮಾರು ಅರ್ಧದಷ್ಟು ಮಾತ್ರ ಬರೆದರು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರ ಈ ಅಧ್ಯಯನ ಬಂದದ್ದು 1973ರಲ್ಲಿ. "ಭಾಳ ಚಲೋ" ಎಂದು ಹೇಳಿ ಮುಂದೆ ಹೋಗುವ ಬದಲು ನಿಮಗೆ ಕಂಡದ್ದನ್ನು ಹೇಳಿ. "ಗೆರೆ ಎಲ್ಲಾ ಒಂದೇ ಕಡೆ ಮುಖ ಮಾಡಿದಾವಲ್ಲ, ಹೆಂಗ ಮಾಡಿದಿ?" ಮಗುವಿಗೆ ಆ ಪ್ರಶ್ನೆಯೇ ದೊಡ್ಡ ಮರ್ಯಾದೆ.

ತಂದೆತಾಯಂದಿರು ಕೇಳುತ್ತಾರೆ, "ಇದೇನು, ಬರೀ ಚೂರು ಅಂಟಿಸ್ಯಾರ?" ಮೊದಲು ನಿಮ್ಮ ಕೈಯ ಅಂದದ ಮೀನು ಮನೆಗೆ ಹೋಗುತ್ತಿತ್ತು, ಅವರು ಕೇಳುವುದು ಸಹಜ. ಹಾಳೆಯ ಹಿಂದೆ ಮಗು ಏನು ಹೇಳಿತೋ ಅದನ್ನು ಅದರ ಮಾತಿನಲ್ಲೇ ಬರೆದು ಕಳಿಸಿ. ಹೀಗೆ ಬರೆದು ಕಳಿಸಿದ ಒಂದು ಹಾಳೆಯಲ್ಲಿ ನಾಲ್ಕು ಚೌಕಳಿ ಚೂರು, ಒಂದು ಹಳದಿ ಚೂರು ಇದ್ದವು, ಅಷ್ಟೆ. ಹಿಂದೆ, "ಇದು ಅಪ್ಪಾರ ಲುಂಗಿ ಒಣಗಾಕ ಹಾಕಿದ್ದು, ಇದು ಬಿಸಲು" ಎಂದಿತ್ತು. ಅದನ್ನು ಆ ಅಪ್ಪ ಜೇಬಿನಲ್ಲಿಟ್ಟುಕೊಂಡು ಓಡಾಡಿದರಂತೆ.

ಇನ್ನು, ಖಾಲಿಯಾದ ಮೇಲೆ ಏನು ಎಂದಿರಿ. ಅಂಗಡಿಯ ಕ್ರಾಫ್ಟ್ ಪೇಪರಿಗೆ ಕಾಯುತ್ತಾ ಕೂರಬೇಕಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಲಗ್ನಪತ್ರಿಕೆಯ ಅಂಗಡಿಯಲ್ಲಿ ಕತ್ತರಿಸಿ ಉಳಿದ ಪಟ್ಟಿ ರಾಶಿ ಬಿದ್ದಿರುತ್ತದೆ, ಮಕ್ಕಳಿಗೆ ಎಂದರೆ ಹೆಚ್ಚಿನವರು ಹಾಗೇ ಕೊಡುತ್ತಾರೆ. ಹಳೆಯ ಕ್ಯಾಲೆಂಡರ್, ಮಿಠಾಯಿ ಡಬ್ಬದ ರಟ್ಟು, ಮದುವೆಗೆ ಬಂದ ಗಿಫ್ಟ್ ಪೇಪರ್ ಎಲ್ಲ ಆಗುತ್ತದೆ. ಮಿನುಗುಪುಡಿ ಉದುರುವ ಹಾಳೆ ಮಾತ್ರ ಬೇಡ, ಕೈಯಿಂದ ಕಣ್ಣಿಗೆ ಹೋಗುತ್ತದೆ. ಪ್ಲಾಸ್ಟಿಕ್ ಪದರವಿದ್ದ ಹಾಳೆಗೆ ಮೈದಾ ಅಂಟು ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ಮಕ್ಕಳೇ ಚಿತ್ತಾರದ ಕಾಗದ ಮಾಡುವುದು. ಅದೇ ಮೈದಾ ಅಂಟನ್ನು ಸ್ವಲ್ಪ ತೆಳ್ಳಗೆ ಮಾಡಿ, ಅರಿಶಿನವೋ ಜರಡಿ ಹಿಡಿದ ಕೆಮ್ಮಣ್ಣೋ ಕಲಸಿ. ಕ್ಯಾಲೆಂಡರಿನ ಹಿಂಬದಿಗೆ ಅಂಗೈಯಿಂದ ಸವರಿ, ಹಸಿ ಇರುವಾಗಲೇ ಹಲ್ಲು ಮುರಿದ ಬಾಚಣಿಗೆಯನ್ನು ಎಳೆಯಲಿ. ನೇರ ಎಳೆದರೆ ಗೆರೆ, ಕೈ ಅಲ್ಲಾಡಿಸಿದರೆ ಅಲೆ, ಅಡ್ಡ ಇನ್ನೊಮ್ಮೆ ಎಳೆದರೆ ಚೌಕಳಿ. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಒತ್ತಿದರೆ ಹೂವು, ಬದನೆಯ ತೊಟ್ಟು ಒತ್ತಿದರೆ ಇನ್ನೊಂದು ಗುರುತು. ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಲ್ಲಿ. ನಿಮ್ಮ ಹೊಲದ ಬದುವಿನಲ್ಲೂ ಪುಂಡಿ ಇದೆ, ಒಣಗಿದ ದಂಟಿನ ನಾರನ್ನು ಕಟ್ಟಿ ದೊಡ್ಡ ಮಕ್ಕಳಿಗೆ ಕೊಟ್ಟು ನೋಡಿ. ಅರಿಶಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡುವುದನ್ನು ಮಾತ್ರ ನೀವೇ ಮಾಡಿ, ಸುಣ್ಣ ಮಕ್ಕಳ ಕೈಗೆ ಬೇಡ.

ಶುಕ್ರವಾರ ಮಾಡಿಸಿ, ನೆರಳಲ್ಲಿ ಒಣಗಲು ಹಾಕಿ. ಮೂಲೆಗೊಂದು ಕಲ್ಲು ಇಟ್ಟರೆ ಸುರುಳಿಯಾಗುವುದಿಲ್ಲ. ಸೋಮವಾರ ಹಾಳೆಗಳನ್ನು ಚಾಪೆಯ ಮೇಲೆ ಹರಡಿ, ಮೊದಲ ದಿನದ ಹಾಗೇ ಸುಮ್ಮನೆ ಕೂತು, ಯಾರು ಯಾವ ಹಾಳೆಯನ್ನು ಎತ್ತಿಕೊಳ್ಳುತ್ತಾರೆ ನೋಡಿ. ಕೆಲವರಿಗೆ ತಾವು ಮಾಡಿದ್ದನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ. ಅಂಥವರ ಹಾಳೆಯನ್ನು ಇಡಿಯಾಗಿಯೇ ಎತ್ತಿಡಿ, ಒತ್ತಾಯ ಬೇಡ.